ಪೈಲ್ಸ್‌ಗೆ ಒಂದು ಪುಟ್ಟ ರಬ್ಬರ್ ಬ್ಯಾಂಡ್

ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಈ ಪೋಸ್ಟರ್ ನೋಡಿರುತ್ತೀರಿ: ‘ಮೂಲವ್ಯಾಧಿ, ಫಿಶರ್, ಭಗಂದರ, ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ’. ಹೇಳಿಕೊಳ್ಳಲು ನಾಚಿಕೆಯಾಗುವ ಕಾಯಿಲೆಗೆ ಗುಟ್ಟಿನ ಮದ್ದು ಜಾಸ್ತಿ ಮಾರಾಟವಾಗುತ್ತದೆ. ತಮಾಷೆ ಏನೆಂದರೆ, ಪೈಲ್ಸ್ ಇರುವವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಹೇಗೂ ಬೇಕಾಗುವುದಿಲ್ಲ.

ಪೈಲ್ಸ್ ಎಂದರೆ ಹೊಸದಾಗಿ ಬೆಳೆದ ಗಡ್ಡೆ ಅಲ್ಲ. ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೂರು ಮೆತ್ತೆಗಳು ಸಾಮಾನ್ಯವಾಗಿ ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ದ್ವಾರ ಬಿಗಿಯಾಗಿ ಮುಚ್ಚಲು, ಗಾಳಿ, ನೀರು ಸೋರದಿರಲು ಅವು ಬೇಕು. 1975ರಲ್ಲಿ ಥಾಮ್ಸನ್ ಎಂಬ ಬ್ರಿಟಿಷ್ ಸರ್ಜನ್ ಇದನ್ನು ವಿವರವಾಗಿ ತೋರಿಸಿದರು. ವರ್ಷಗಟ್ಟಲೆ ತಿಣುಕಿದರೆ ಮೆತ್ತೆಗಳನ್ನು ಹಿಡಿದಿಟ್ಟ ಕಟ್ಟು ಸಡಿಲವಾಗುತ್ತದೆ. ಮೆತ್ತೆ ಊದಿ ಕೆಳಗೆ ಜಾರುತ್ತದೆ, ಗಟ್ಟಿ ಮಲ ಉಜ್ಜಿದಾಗ ರಕ್ತ ಬರುತ್ತದೆ. ಗರ್ಭಿಣಿಯರಿಗೂ ಇದು ಮಾಮೂಲು.

ಹಾಗಾಗಿ ಚಿಕಿತ್ಸೆ ಶುರುವಾಗಬೇಕಾದದ್ದು ಮಲವನ್ನು ಮೆತ್ತಗೆ ಮಾಡುವುದರಿಂದ. ಹಲವು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ, ಇಸಬಗೋಲಿನಂಥ ನಾರು ತೆಗೆದುಕೊಂಡವರಲ್ಲಿ ರಕ್ತಸ್ರಾವದ ತೊಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆದರೆ ಎರಡು ದಿನಕ್ಕೆ ಫಲ ಸಿಗುವುದಿಲ್ಲ, ಕೆಲವು ವಾರ ಬೇಕು. ನೀರು ಕುಡಿಯದೆ ಬರೀ ಇಸಬಗೋಲು ನುಂಗಿದರೆ ಮಲ ಇನ್ನೂ ಬಿಗಿಯುತ್ತದೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅನ್ನುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಸೊಪ್ಪಿನ ಸಾರು ಉಣ್ಣುವವರು ಅರ್ಧ ದಾರಿ ಕ್ರಮಿಸಿದ ಹಾಗೆಯೇ.

ಇನ್ನೊಂದು, ಟಾಯ್ಲೆಟ್ಟಿಗೆ ಫೋನ್ ಒಯ್ಯಬೇಡಿ. ಬಾಸ್ಟನ್ನಿನಲ್ಲಿ 125 ಜನರ ಮೇಲೆ ನಡೆದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅಲ್ಲಿ ಫೋನ್ ಹಿಡಿದು ಕೂರುವವರಲ್ಲಿ ಪೈಲ್ಸ್ ಸಾಧ್ಯತೆ ಶೇ 46ರಷ್ಟು ಹೆಚ್ಚು ಕಂಡಿತು. ಫೋನೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಸುಮ್ನೆ ಕೂರುವ ಹೊತ್ತು ಹೆಚ್ಚಾಗುವುದಂತೂ ನಿಜ.

ಅಗಲ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕೂತರೆ ಉರಿ, ನೋವು ಇಳಿಯುತ್ತದೆ. ಕ್ರೀಮುಗಳೂ ತಾತ್ಕಾಲಿಕ ಆರಾಮ ಕೊಡುತ್ತವೆ. ಸ್ಟಿರಾಯ್ಡ್ ಇರುವ ಕ್ರೀಮನ್ನು ಒಂದು ವಾರಕ್ಕಿಂತ ಹೆಚ್ಚು ಹಚ್ಚಬೇಡಿ, ಚರ್ಮ ತೆಳುವಾಗುತ್ತದೆ.

ಇಷ್ಟಾದರೂ ರಕ್ತ ನಿಲ್ಲದಿದ್ದರೆ? ಇಲ್ಲಿ ನನ್ನ ಮೆಚ್ಚಿನ ಚಿಕಿತ್ಸೆ ಬರುತ್ತದೆ. ಗುದದ್ವಾರದಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೆ, ಗರಗಸದ ಹಲ್ಲಿನ ಆಕಾರದ ಒಂದು ಗೆರೆ ಇದೆ. ಅದರ ಕೆಳಗೆ ಸೂಜಿ ತಾಗಿದರೆ ಬೆರಳಿಗೆ ತಾಗಿದಷ್ಟೇ ನೋವು. ಮೇಲೆ ತಾಗಿದರೆ ಚುಚ್ಚಿದ ನೋವೇ ಗೊತ್ತಾಗುವುದಿಲ್ಲ. ಒಳಗಿನ ಪೈಲ್ಸ್ ನೋವಿಲ್ಲದೆ ರಕ್ತ ಸುರಿಸುವುದು ಇದಕ್ಕೇ. ಡಾಕ್ಟರು ಪ್ರಾಕ್ಟೋಸ್ಕೋಪ್ ಎಂಬ ಸಣ್ಣ ಕೊಳವೆ ಇಳಿಸಿ, ಊದಿದ ಮೆತ್ತೆಯನ್ನು ಗೆರೆಗಿಂತ ಮೇಲೆ ಹಿಡಿದೆಳೆದು, ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಬಿಡುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ, ಕೆಲವೇ ನಿಮಿಷದ ಕೆಲಸ. ರಕ್ತ ಹರಿಯದೆ ಮೆತ್ತೆ ಒಣಗಿ, ವಾರ ಹತ್ತು ದಿನದಲ್ಲಿ ಮಲದ ಜೊತೆ ಉದುರಿ ಹೋಗುತ್ತದೆ. ಎಷ್ಟೋ ಜನರಿಗೆ ಅದು ಗೊತ್ತೂ ಆಗುವುದಿಲ್ಲ. ಉಳಿದ ಗಾಯದ ಕಲೆ ಸುತ್ತಲಿನ ಪೊರೆಯನ್ನು ಮೇಲಕ್ಕೆ ಬಿಗಿಯುತ್ತದೆ. 1963ರಲ್ಲಿ ಅಮೆರಿಕದ ಡಾ. ಬ್ಯಾರನ್ ಇದನ್ನು ಜನಪ್ರಿಯ ಮಾಡಿದರು. ಬ್ಯಾಂಡ್ ಗೆರೆಗಿಂತ ಕೆಳಗೆ ಬಿದ್ದರೆ ರೋಗಿ ಚೀರುತ್ತಾರೆ, ತೆಗೆದು ಮತ್ತೆ ಹಾಕಬೇಕು. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ಹೇಳಿಬಿಡಿ. ಬ್ಯಾಂಡ್ ಹಾಕಿದ ಮೇಲೆ ಜ್ವರ ಬಂದರೆ, ಮೂತ್ರ ಕಟ್ಟಿದರೆ ಆಸ್ಪತ್ರೆಗೆ ಓಡಬೇಕು. ಅದು ಅಪರೂಪ, ಆದರೆ ಕಡೆಗಣಿಸುವಂಥದ್ದಲ್ಲ. ಪೈಲ್ಸ್ ಮರುಕಳಿಸಿ, ಮತ್ತೆ ಬ್ಯಾಂಡ್ ಹಾಕಿಸಿಕೊಳ್ಳುವವರೂ ಸಾಕಷ್ಟಿದ್ದಾರೆ.

ಒಳಗೆ ತಳ್ಳಿದರೂ ಹೋಗದೆ ಹೊರಗೇ ನೇತಾಡುವ ಪೈಲ್ಸ್‌ಗೆ ಸಾಮಾನ್ಯವಾಗಿ ಆಪರೇಷನ್ನೇ ಸರಿ. 1937ರಲ್ಲಿ ಲಂಡನ್ನಿನ ಮಿಲಿಗನ್ ಮತ್ತು ಮೋರ್ಗನ್ ಎಂಬ ಸರ್ಜನ್‌ಗಳು ವಿವರಿಸಿದ, ಮೆತ್ತೆಗಳನ್ನು ಕತ್ತರಿಸಿ ತೆಗೆಯುವ ವಿಧಾನ ಇಂದಿಗೂ ಚಾಲ್ತಿಯಲ್ಲಿದೆ. ವಾರಗಟ್ಟಲೆ ನೋಯುತ್ತದೆ, ಸುಳ್ಳು ಹೇಳುವುದು ಬೇಡ. 1990ರ ದಶಕದಲ್ಲಿ ಬಂದ ಸ್ಟೇಪ್ಲರ್ ವಿಧಾನದಲ್ಲಿ (ಮೆತ್ತೆಗಳ ಮೇಲಿನ ಪೊರೆಯ ಪಟ್ಟಿ ತೆಗೆದು, ಪಿನ್ನುಗಳಿಂದ ಜೋಡಿಸುವುದು) ಮೊದಲ ದಿನಗಳ ನೋವು ಕಡಿಮೆ. ಆದರೆ 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ, ಸ್ಟೇಪ್ಲರ್ ಹಾಕಿಸಿಕೊಂಡವರಲ್ಲೇ ತೊಂದರೆ ಮರುಕಳಿಸಿದ್ದು ಹೆಚ್ಚು. ಲೇಸರ್ ಅಂದ ಮಾತ್ರಕ್ಕೆ ಶಾಶ್ವತ ಗುಣ ಎಂದೂ ನಂಬಬೇಡಿ.

ಇದ್ದಕ್ಕಿದ್ದಂತೆ ಹೊರಗೆ ನೀಲಿ ಗಂಟು ಎದ್ದು ಜೀವ ಹಿಂಡುವಷ್ಟು ನೋವಾದರೆ, ಅದು ಹೆಪ್ಪುಗಟ್ಟಿದ ರಕ್ತ ಇರಬಹುದು. ಮೂರು ದಿನದೊಳಗೆ ಹೋದರೆ ಅಲ್ಲಿಗಷ್ಟೇ ಅರಿವಳಿಕೆ ಕೊಟ್ಟು ತೆಗೆಯಬಹುದು. ತಡವಾದರೆ ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ.

ಪೈಲ್ಸ್ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಆದರೆ ಕರುಳಿನ ಕ್ಯಾನ್ಸರಿನಲ್ಲೂ ರಕ್ತ ಬರುತ್ತದಲ್ವಾ? ರಕ್ತ ಕಂಡವರು ಒಮ್ಮೆ ಸರ್ಜನ್ ಹತ್ತಿರ ಗುದದ್ವಾರದೊಳಗೆ ಬೆರಳಿಟ್ಟು ನೋಡುವ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಮಲದ ಅಭ್ಯಾಸ ಬದಲಾಗಿದ್ದರೆ, ತೂಕ ಇಳಿಯುತ್ತಿದ್ದರೆ, ಹಿಮೋಗ್ಲೋಬಿನ್ ಕಡಿಮೆ ಬಂದಿದ್ದರೆ ಅಥವಾ ವಯಸ್ಸು 45 ದಾಟಿದ್ದರೆ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಬೇಕಾ ಎಂದು ನೀವೇ ಬಾಯಿಬಿಟ್ಟು ಕೇಳಿ.