ಪೌಡರ್ ಇಲ್ಲದೆ ಮೈ ಕಟ್ಟೋಕೆ ಆಗಲ್ವಾ?

ಪ್ರಶ್ನೆ: ನನಗೆ 22 ವರ್ಷ, ತೂಕ 60 ಕೆ.ಜಿ. ಬಾಗಲಕೋಟೆ ನವನಗರದಲ್ಲಿ ಜಿಮ್ ಸೇರಿ ಮೂರು ತಿಂಗಳಾಯ್ತು. ಮನೆಯಲ್ಲಿ ಮಾಂಸ, ಮೊಟ್ಟೆ ಮಾಡೋದಿಲ್ಲ. ವೇ ಪ್ರೋಟೀನ್, ಮಾಸ್ ಗೇನರ್, ಕ್ರಿಯೇಟಿನ್, ಬಿಸಿಎಎ ಈ ನಾಲ್ಕೂ ಪೌಡರ್ ತಗೊಳ್ಳದಿದ್ರೆ ಮೈ ಬರಲ್ಲ ಅಂತ ಟ್ರೇನರ್ ಹೇಳ್ತಾರೆ. ಕಿಡ್ನಿ ಹೋಗ್ತದೆ ಅಂತ ಅವ್ವ ಹೆದರ್ತಾಳೆ. ಯಾರ ಮಾತು ಕೇಳಲಿ?

ಉತ್ತರ: ಜಿಮ್ ಸೇರಿದ ಹುಡುಗರೆಲ್ಲ ಕೇಳುವ ಪ್ರಶ್ನೆ ಇದು. ನಾಲ್ಕೂ ಬೇಡ. ಮಾಸ್ ಗೇನರ್, ಬಿಸಿಎಎ ಎರಡನ್ನೂ ಈಗಲೇ ಕೈಬಿಡಿ, ಯಾಕೆ ಅಂತ ಮುಂದೆ ಹೇಳ್ತೀನಿ. ಉಳಿದ ಎರಡು ಬೇಕೋ ಬೇಡವೋ ಅನ್ನೋದನ್ನು ನಿಮ್ಮ ಊಟದ ತಟ್ಟೆ ನೋಡಿ ತೀರ್ಮಾನಿಸೋಣ.

ಸಾಮಾನ್ಯ ಜನರಿಗೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಸುಮಾರು 1.6 ಗ್ರಾಂ ಬೇಕು. ಅಂದರೆ ನಿಮಗೆ 96 ಗ್ರಾಂ. ಈಗ ನಮ್ಮ ಕಡೆಯ ಒಂದು ದಿನದ ಊಟ ತಗೊಳ್ಳಿ. ಬೆಳಿಗ್ಗೆ ಸೂಸ್ಲಾ, ಚಹಾ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಬೇಳೆ ಸಾರು. ರಾತ್ರಿ ಮತ್ತೆ ಅದೇ. ಒಂದು ರೊಟ್ಟಿಯಲ್ಲಿ 5 ಗ್ರಾಂ ಹಿಡಿದರೂ ಎಲ್ಲಾ ಸೇರಿ 45 ಗ್ರಾಂ ದಾಟುವುದು ಕಷ್ಟ. ಮೂರು ತಿಂಗಳು ಬೆವರು ಸುರಿಸಿದರೂ ಮೈ ಬರಲಿಲ್ಲ ಅಂದರೆ ಕಾರಣ ಇಲ್ಲೇ ಇದೆ.

ಇದೇ ತಟ್ಟೆಯನ್ನು ಸ್ವಲ್ಪ ಬದಲಿಸಿ. ಒಂದು ಹೊತ್ತು ಬದನೆಕಾಯಿ ಬದಲು 50 ಗ್ರಾಂ ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ ಮಾಡಿದರೆ 12 ಗ್ರಾಂ ಸಿಕ್ಕಿತು. ಅರ್ಧ ಲೀಟರ್ ಹಾಲಿನಿಂದ 16, ದೊಡ್ಡ ಬಟ್ಟಲು ಮೊಸರಿನಿಂದ 6, ಒಂದೂವರೆ ಹಿಡಿ ಶೇಂಗಾದಿಂದ 10 ಗ್ರಾಂ. ಆಗಲೇ 90ರ ಹತ್ತಿರ ಬಂದಿರಿ! ಸೋಯಾ ಚಂಕ್ಸ್ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಅದರ 30 ಗ್ರಾಂನಲ್ಲಿ ಸುಮಾರು 15 ಗ್ರಾಂ ಪ್ರೋಟೀನ್ ಇರುತ್ತದೆ. ರೊಟ್ಟಿ ಜೊತೆ ಕಾಳು ತಿನ್ನುವ ನಮ್ಮ ರೂಢಿಯೂ ಬಹಳ ಒಳ್ಳೆಯದು. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆ ಇದ್ದಂತೆ) ಕಾಳಿನಲ್ಲಿ ಧಾರಾಳವಾಗಿದೆ. ನಮ್ಮ ಭಾಗದ ಗರಡಿಗಳಲ್ಲಿ ಪೈಲ್ವಾನರು ತಾಲೀಮಿನಷ್ಟೇ ಖುರಾಕಿಗೂ ಬೆಲೆ ಕೊಡ್ತಾರೆ. ಹಾಲು, ಬಾದಾಮಿ ಇಲ್ಲದೆ ಅವರ ದಿನ ಮುಗಿಯಲ್ಲ. ಆ ಬುದ್ಧಿ ಜಿಮ್‌ಗೂ ಬರಬೇಕು ಅಂತ ನನ್ನ ಆಸೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲೆಂದು ಪ್ರೋಟೀನ್ ಪೌಡರ್ ತಗೊಳ್ಳಬೇಡಿ ಎಂದೇ ಹೇಳಿದೆ. 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭವಿಲ್ಲ ಎಂದೂ ಹೇಳಿದೆ. ನಾನು ಬಹುಪಾಲು ಒಪ್ಪುತ್ತೇನೆ. ಆದರೆ ಹಾಸ್ಟೆಲ್ ಊಟ ಮಾಡುವ, ಮೊಟ್ಟೆಯನ್ನೂ ಮುಟ್ಟದ ಹುಡುಗನಿಗೆ ದಿನಕ್ಕೆ 30 ಗ್ರಾಂ ಕಡಿಮೆ ಬೀಳ್ತಿದ್ದರೆ ಒಂದು ಸ್ಕೂಪ್ ವೇ ತಗೊಳ್ಳೋದರಲ್ಲಿ ತಪ್ಪು ಕಾಣಲ್ಲ. ವೇ ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್, ಅಷ್ಟೇ. ಒಂದು ಸ್ಕೂಪ್‌ನಲ್ಲಿ 24 ಗ್ರಾಂ ಆಸುಪಾಸು ಇರುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಐಸೊಲೇಟ್ ಅನ್ನೋ ಬಗೆ ವಾಸಿ, ಅದರಲ್ಲಿ ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ ತೀರಾ ಕಡಿಮೆ.

ಕ್ರಿಯೇಟಿನ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ. ವರ್ಷಗಟ್ಟಲೆ ಪರೀಕ್ಷೆಗೆ ಒಳಗಾದ ಪದಾರ್ಥ ಇದು. ಭಾರ ಎತ್ತುವಾಗ ಇನ್ನೊಂದೆರಡು ಸಲ ಎತ್ತುವ ಶಕ್ತಿ ಕೊಡುತ್ತದೆ. ಮಾಂಸ, ಮೀನಿನಲ್ಲಿ ಸಹಜವಾಗಿ ಇರೋದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದರ ಸಂಗ್ರಹ ಕಡಿಮೆ. ಮೊನೊಹೈಡ್ರೇಟ್ ಅನ್ನೋ ಸಾದಾ ಬಗೆ ಸಾಕು, ದಿನಕ್ಕೆ 3ರಿಂದ 5 ಗ್ರಾಂ. ಯಾವ ಹೊತ್ತಿಗೆ ತಗೊಂಡರೂ ನಡೆಯುತ್ತದೆ. ಮೊದಲ ವಾರಗಳಲ್ಲಿ ತೂಕ ಒಂದು ಕೆ.ಜಿ. ಏರಿದರೆ ಅದು ಸ್ನಾಯುವಿನಲ್ಲಿ ನಿಂತ ನೀರು, ಹಿಗ್ಗಬೇಡಿ. ಬಾಗಲಕೋಟೆಯ ಬೇಸಿಗೆಯಲ್ಲಂತೂ ನೀರು ಜಾಸ್ತಿ ಕುಡಿಯಿರಿ.

ಅವ್ವನ ಭಯಕ್ಕೆ ಬರೋಣ. ಆರೋಗ್ಯವಂತರಿಗೆ ಈ ಪ್ರಮಾಣದ ಪ್ರೋಟೀನ್, ಕ್ರಿಯೇಟಿನ್ ಎರಡರಿಂದಲೂ ಕಿಡ್ನಿ ಹಾಳಾಗಲ್ಲ. ಆದರೆ ಕ್ರಿಯೇಟಿನ್ ತಗೊಳ್ಳುವವರ ರಕ್ತಪರೀಕ್ಷೆಯಲ್ಲಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಕ್ರಿಯೇಟಿನಿನ್ ಅನ್ನೋ ಅಂಶ ಸ್ವಲ್ಪ ಏರಿ ಕಾಣಬಹುದು. ಡಾಕ್ಟರಿಗೆ ಮೊದಲೇ ಹೇಳಿದರೆ ಸುಮ್ನೆ ಗಾಬರಿ ಆಗೋದು ತಪ್ಪುತ್ತದೆ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಎರಡನ್ನೂ ಮುಟ್ಟಬಾರದು.

ಮಾಸ್ ಗೇನರ್ ಡಬ್ಬಿಯಲ್ಲಿ ಬಹುಪಾಲು ಇರೋದು ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ. ಹಾಲು, ಬಾಳೆಹಣ್ಣು, ಶೇಂಗಾ, ಬೆಲ್ಲ ಮಿಕ್ಸಿಗೆ ಹಾಕಿದರೆ ಅದೇ ಕೆಲಸ ಆಗುತ್ತದೆ, ಅಲ್ವಾ? ಬಿಸಿಎಎ ಅಂತೂ ಹಾಲು, ಕಾಳಿನಲ್ಲಿ ಮೊದಲೇ ಇರುವ ಮೂರು ಅಮೈನೋ ಆಮ್ಲಗಳು.

ಪೌಡರ್ ಕೊಳ್ಳುವುದೇ ಆದರೆ ಡಬ್ಬಿ ತಿರುಗಿಸಿ ಓದಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತು, ಅದರ ಜೊತೆ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಸೇರಿಸಿದ್ದು ಕಂಡರೆ ಬಿಡಿ. ಇವು ಅಗ್ಗದ ಅಮೈನೋ ಆಮ್ಲಗಳು, ಪರೀಕ್ಷೆಯಲ್ಲಿ ಪ್ರೋಟೀನ್ ಅಂಕಿ ದೊಡ್ಡದಾಗಿ ತೋರಿಸಲು ಬೆರೆಸುತ್ತಾರೆ. ದೊಡ್ಡ ಡಬ್ಬಿ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ತೂಗಿ ಕೊಡುವ ಪೌಡರ್ ಎಷ್ಟೇ ಅಗ್ಗವಾದರೂ ಬೇಡ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪೌಡರ್ ಮಾತಿನ ಬೆನ್ನಿಗೇ ಕೆಲವು ಕಡೆ ಇಂಜೆಕ್ಷನ್ ಮಾತು ಬರುತ್ತದೆ. ಅದು ಸ್ಟೀರಾಯ್ಡ್. ಅದರಿಂದ ಮೈ ತಾನಾಗಿ ತಯಾರಿಸುವ ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನ್ ಕುಗ್ಗಿ ವೀರ್ಯಾಣು ಕಡಿಮೆಯಾಗುತ್ತದೆ, ಹೃದಯಕ್ಕೂ ಪೆಟ್ಟು. ಈಗಾಗಲೇ ತಗೊಂಡ ಗೆಳೆಯರಿದ್ದರೆ ಅವರನ್ನು ಬೈಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಏನು, ಎಷ್ಟು ದಿನ ತಗೊಂಡರು ಅಂತ ಮುಚ್ಚಿಡದೆ ಹೇಳಿಸಿ. ನಿಮಗೇ ಯಾರಾದರೂ ಸೂಜಿ ತೋರಿಸಿದರೆ ಆ ತಿಂಗಳ ಫೀ ಹೋದರೂ ಹೋಗಲಿ, ಜಿಮ್ ಬದಲಿಸಿ.