ಕಾಲೇಜಿನಲ್ಲಿ ಆತ್ಮರಕ್ಷಣೆ ತರಗತಿ ಶುರು ಮಾಡುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜು. ಮಹಿಳಾ ದಿನಾಚರಣೆಗೆ ಒಂದು ಕರಾಟೆ ಪ್ರಾತ್ಯಕ್ಷಿಕೆ ಇರುತ್ತದೆ, ಅಷ್ಟೇ. ಎಲ್ಲ ಹುಡುಗಿಯರಿಗೂ ಸಿಗುವ ತರಗತಿ ಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಟೈಮ್‌ಟೇಬಲ್‌ನಿಂದ. ತರಗತಿಯನ್ನು ಸಂಜೆ ನಾಲ್ಕರ ಮೇಲೆ ಇಟ್ಟರೆ ಹಳ್ಳಿಗಳಿಂದ ಬರುವವರು ಬಸ್ಸಿಗೆ ಓಡಲೇಬೇಕು. ಬಸ್ಸಿಳಿದು ಒಂಟಿಯಾಗಿ ನಡೆಯುವವರೇ ತರಬೇತಿ ತಪ್ಪಿಸಿಕೊಂಡಂತಾಗುತ್ತದೆ. ಹಗಲಿನ ಪಿರಿಯಡ್‌ಗಳ ನಡುವೆ ವಾರಕ್ಕೊಮ್ಮೆ ತೊಂಬತ್ತು ನಿಮಿಷ, ಎಂಟು ವಾರ ಕೇಳಿ. ಒಟ್ಟು 12 ಗಂಟೆ.

ಈ 12 ಗಂಟೆಗೆ ಆಧಾರವಿದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ ಅಷ್ಟೇ ಅವಧಿಯ ತರಬೇತಿ ಕೊಟ್ಟು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಬರೀ ಕರಪತ್ರ ಪಡೆದವರಲ್ಲಿ ಶೇ. 9.8, ತರಬೇತಿ ಪಡೆದವರಲ್ಲಿ ಶೇ. 5.2. ಅಲ್ಲಿ ಕಲಿಸಿದ್ದು ಬರೀ ಹೊಡೆತಗಳನ್ನಲ್ಲ. ಪರಿಚಯದವರೇ ಮಿತಿ ಮೀರುವಾಗ ಕಾಣುವ ಸೂಚನೆಗಳು, 'ಏನಂದುಕೊಳ್ಳುತ್ತಾರೋ' ಎಂಬ ಹಿಂಜರಿಕೆ ಬಿಟ್ಟು ಎದುರಿಸುವುದು, ಇವೂ ಇದ್ದವು. ಬರೀ ಕಿಕ್, ಪಂಚ್ ಕಲಿಸುತ್ತೇನೆನ್ನುವ ತರಬೇತುದಾರರಿಗೆ ಇದನ್ನೂ ಸೇರಿಸಲು ಹೇಳಿ.

ಬ್ಯಾಚಿಗೆ ಇಪ್ಪತ್ತು ಜನ ಮೀರಬಾರದು. ಹತ್ತು ಜೋಡಿಗೆ ತಲಾ ಎರಡು ಮೀಟರ್ ಚೌಕದ ಜಾಗ, ಅಂದರೆ ಒಂದು ಮೀಟರ್‌ನ ನಲವತ್ತು ಮ್ಯಾಟ್, ಜೊತೆಗೆ ಐದಾರು ಕಿಕ್ ಪ್ಯಾಡ್ ಸಾಕು. ವಾರದಲ್ಲಿ ಮೂರು ಬ್ಯಾಚ್ ನಡೆಸಿದರೆ ಹದಿನಾರು ವಾರದ ಸೆಮಿಸ್ಟರ್‌ನಲ್ಲಿ ಒಬ್ಬರೇ ತರಬೇತುದಾರರು 120 ಜನರಿಗೆ ಕಲಿಸಬಹುದು. ಸಮವಸ್ತ್ರ ಕಡ್ಡಾಯ ಮಾಡಬೇಡಿ, ಆ ಖರ್ಚಿಗೇ ಹಲವರು ಹಿಂದೆ ಸರಿಯುತ್ತಾರೆ. ದಿನಾ ತೊಡುವ ಚೂಡಿದಾರದಲ್ಲೇ ಅಭ್ಯಾಸವಾಗಲಿ. ಗಾಜಿನ ಬಳೆ, ದುಪಟ್ಟಾದ ಪಿನ್ನು ಮಾತ್ರ ತೆಗೆದಿಡಬೇಕು.

ತರಗತಿ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಮಣಿಕಟ್ಟು ಬಿಡಿಸಿಕೊಳ್ಳುವ ಪಾಠವನ್ನೇ ನೋಡಿ. ಹಿಡಿತದಲ್ಲಿ ದುರ್ಬಲ ಜಾಗವೆಂದರೆ ಹೆಬ್ಬೆರಳೂ ಉಳಿದ ಬೆರಳೂ ಕೂಡುವ ಸಂದು. ಮಣಿಕಟ್ಟಿನ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ, ಮೊಣಕೈಯನ್ನು ಹಿಡಿದವನ ಕೈಯತ್ತ ಒಯ್ದು ಒಮ್ಮೆಲೇ ಕಿತ್ತುಕೊಳ್ಳಬೇಕು. ನೇರ ಹಿಂದಕ್ಕೆ ಜಗ್ಗಿದರೆ ಇಡೀ ಮುಷ್ಟಿಯ ಬಲದೆದುರು ಗುದ್ದಾಡಿದಂತೆ. ಆದರೆ ಜೊತೆಗಾತಿ ಸಂಕೋಚಕ್ಕೆ ಸಡಿಲವಾಗಿ ಹಿಡಿದಿರುತ್ತಾಳೆ, ತಪ್ಪಾಗಿ ಎಳೆದರೂ ಕೈ ಬಂದುಬಿಡುತ್ತದೆ. ಹುಡುಗಿ ಕಲಿತೆ ಎಂದುಕೊಳ್ಳುತ್ತಾಳೆ. ನಾಲ್ಕನೇ ವಾರದಿಂದಾದರೂ ಹಿಡಿತ ಬಿಗಿಯಾಗಿರಲಿ, ನೋವಾದರೆ 'ಸಾಕು' ಎಂದೊಡನೆ ಬಿಡುವ ನಿಯಮವೂ ಇರಲಿ. ಹೊಸಬರಿಗೆ ಮುಷ್ಟಿಗಿಂತ ಅಂಗೈ ಬುಡದ ಹೊಡೆತ ಕಲಿಸಿ, ಬೆರಳಿನ ಗೆಣ್ಣು ಉಳಿಯುತ್ತದೆ. ಪ್ರತಿ ಹೊಡೆತಕ್ಕೂ 'ಬಿಡು!' ಎಂದು ಗಟ್ಟಿಯಾಗಿ ಕೂಗಿಸಿ. ಎಷ್ಟೋ ಜನಕ್ಕೆ ಹೊಡೆಯುವುದಕ್ಕಿಂತ ಕೂಗುವುದೇ ಕಷ್ಟ.

ಒಂದು ಗಂಟೆ ಕಾನೂನಿಗೂ ಮೀಸಲಿಡಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಅದೂ ರಕ್ಷಣೆಗೆ ಬೇಕಾದಷ್ಟು ಬಲಕ್ಕೆ ಮಾತ್ರ. ಅಪಾಯ ಮುಗಿದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಆ ರಕ್ಷಣೆ ಸಿಗದು. 112ಕ್ಕೆ ಕರೆ ಮಾಡುವುದು, ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆಯುವುದು ಕೂಡ ಪಾಠದ ಭಾಗವೇ.

ಇನ್ನು ಹಣ. ಸಮಗ್ರ ಶಿಕ್ಷಣದ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣೆ ಯೋಜನೆ ಇರುವುದು 6ರಿಂದ 12ನೇ ತರಗತಿಯವರಿಗೆ. ಡಿಗ್ರಿಯವರು ಅದರ ಹೊರಗೆ. ಹಾಗಾಗಿ ದೈಹಿಕ ಶಿಕ್ಷಣ ನಿರ್ದೇಶಕರ ಸಹಿಯೊಂದಿಗೆ ಪ್ರಾಂಶುಪಾಲರಿಗೆ ಮನವಿ ಕೊಟ್ಟು, ಕಾಲೇಜು ಅಭಿವೃದ್ಧಿ ಸಮಿತಿಯ ಮುಂದಿಡಲು ಕೇಳಿ. ಪಿರಿಯಡ್, ಬ್ಯಾಚ್ ಸಂಖ್ಯೆ, ಮ್ಯಾಟ್ ಖರ್ಚು, ತರಬೇತುದಾರರ ಗೌರವಧನ, ಪ್ರತಿ ತರಗತಿಗೂ ಹಾಜರಿರುವ ಉಪನ್ಯಾಸಕಿಯ ಹೆಸರು, ಎಲ್ಲವೂ ಒಂದೇ ಪುಟದಲ್ಲಿರಲಿ.