ತಾರೀಖಿಲ್ಲದ ವಿಮಾನಮಾರ್ಗ

ವಿಮಾನ ಸಂಸ್ಥೆಯೊಂದರಲ್ಲಿ ಹಾರಾಟದ ಯೋಜನೆ ಸಿದ್ಧಪಡಿಸುವ ಫ್ಲೈಟ್ ಡಿಸ್ಪ್ಯಾಚ್ ವಿಭಾಗದಲ್ಲಿ ದುಡಿದು ನಿವೃತ್ತನಾಗಿ ಶಿವಮೊಗ್ಗಕ್ಕೆ ಮರಳಿದ ನನ್ನನ್ನು, ಸೋಗಾನೆಯಲ್ಲಿ ವಿಮಾನಗಳು ಇಳಿಯತೊಡಗಿದ ಮೇಲೆ, ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಎಂಬ ಅಣಕು ವಿಮಾನ ಹಾರಿಸುವ ಹುಡುಗರು ಹುಡುಕಿಕೊಂಡು ಬರತೊಡಗಿದ್ದಾರೆ. ಜೆಟ್‌ಗಳನ್ನು ಹಾರಿಸಿ ಬೇಸರವಾಗಿರುವ ಇವರಿಗೆ ಪಂಖದ (ಪ್ರೊಪೆಲರ್) ವಿಮಾನಗಳ ಕಾಲದ ಸಣ್ಣ ಊರುಗಳ ಮಾರ್ಗಗಳು ಬೇಕು. ಪ್ರಶ್ನೆ ಬಹುತೇಕ ಒಂದೇ ರೀತಿಯದು: "ಸರ್, ಹಳೇ ಕಾಲದಲ್ಲಿ ಫೋಕರ್ ಯಾವ ರೂಟಲ್ಲಿ ಹೋಗ್ತಿತ್ತು?" ನನ್ನ ಮರುಪ್ರಶ್ನೆಯೂ ಒಂದೇ: "ಯಾವ ತಾರೀಖು?" ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಎಪ್ಪತ್ತರ ದಶಕ ಅಂತ ಇಟ್ಕೊಳ್ಳಿ ಸರ್" ಎನ್ನುತ್ತಾರೆ. ಇಟ್ಟುಕೊಳ್ಳಲು ಅದು ತಾರೀಖೇ ಅಲ್ಲ.

ಇದನ್ನು ನಾನು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸು ನಿಂತುಹೋದರೂ ರಸ್ತೆ ಉಳಿಯುತ್ತದೆ. ವಿಮಾನಸೇವೆ ನಿಂತರೆ ಗುರುತಿಗೆಂದು ಉಳಿಯುವುದು ಒಂದು ಹಳೆಯ ವೇಳಾಪಟ್ಟಿ ಮಾತ್ರ. ಆ ವೇಳಾಪಟ್ಟಿಯ ಮೇಲೆ ಇಂಥ ದಿನದಿಂದ ಜಾರಿ ಎಂದು ಅಚ್ಚಾಗಿರುತ್ತದೆ, ಮುಂದಿನದು ಬಂದ ದಿನ ಹಿಂದಿನದು ಸತ್ತಂತೆ. ಇಂದಿಗೂ ಬೇಸಿಗೆಯ ವೇಳಾಪಟ್ಟಿ ಮಾರ್ಚ್‌ನ ಕೊನೆಯ ಭಾನುವಾರ, ಚಳಿಗಾಲದ್ದು ಅಕ್ಟೋಬರ್‌ನ ಕೊನೆಯ ಭಾನುವಾರ ಶುರುವಾಗುತ್ತವೆ. ಅದರೊಳಗೂ ವಾರದ ದಿನಗಳಿಗೆ ಅಂಕಿಗಳಿವೆ: ಸೋಮವಾರ 1, ಭಾನುವಾರ 7. ಸಾಲಿನೆದುರು 135 ಎಂದಿದ್ದರೆ ಮಂಗಳವಾರ ಆ ವಿಮಾನವಿಲ್ಲ. ಇಷ್ಟೆಲ್ಲ ಇರುವಾಗ ಒಂದು ವರ್ಷದ ಹೊರಡುವ ವೇಳೆ, ಇನ್ನೊಂದು ವರ್ಷದ ನಿಲುಗಡೆ, ಮತ್ತೊಂದು ವರ್ಷದ ವಿಮಾನ ಸೇರಿಸಿ ಹೊಲಿದ ಮಾರ್ಗದಲ್ಲಿ ಯಾವ ವಿಮಾನವೂ ಎಂದೂ ಹಾರಿರಲಿಲ್ಲ.

ಸಂಸ್ಥೆಗಳು ಅಚ್ಚು ಹಾಕಿಸುತ್ತಿದ್ದ ಬಣ್ಣದ ಮಾರ್ಗನಕ್ಷೆಗಳನ್ನೂ ತರುತ್ತಾರೆ. ನಕ್ಷೆಯ ಗೆರೆ ಎರಡು ಊರುಗಳ ನಡುವೆ ಸೇವೆಯುಂಟು ಎಂದಷ್ಟೇ ಹೇಳುತ್ತದೆ. ಎಷ್ಟು ಹೊತ್ತಿಗೆ, ಯಾವ ವಿಮಾನದಲ್ಲಿ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ವೇಳಾಪಟ್ಟಿಯ ಪುಟವೇ ಬೇಕು, ಇಲ್ಲವೇ ಆ ಕಾಲದ ಮಾಸಿಕವಾದ ಎಬಿಸಿ ವರ್ಲ್ಡ್ ಏರ್‌ವೇಸ್ ಗೈಡ್‌ನ ಪ್ರತಿ ಸಿಗಬೇಕು. ಅಲ್ಲಿ ವಿಮಾನದ ಗುರುತು ಎಫ್27 ಎಂದಿದ್ದರೆ ಫೋಕರ್, ಎಚ್‌ಎಸ್7 ಎಂದಿದ್ದರೆ ಕಾನ್ಪುರದಲ್ಲಿ ಎಚ್‌ಎಎಲ್ ತಯಾರಿಸುತ್ತಿದ್ದ ಆವ್ರೊ. ವೇಳಾಪಟ್ಟಿಯೂ ಒಂದು ಭರವಸೆ ಮಾತ್ರ. ವಿಮಾನ ಕೆಟ್ಟ ದಿನ ಬೇರೆಯದು ಬರುತ್ತಿತ್ತು. ಆದ್ದರಿಂದ ನಾನು ಯಾರಿಗೂ "ಹೀಗೇ ಇತ್ತು" ಎಂದು ಬರೆದುಕೊಡುವುದಿಲ್ಲ.

ತಾರೀಖು ಗೊತ್ತಿಲ್ಲದಿದ್ದರೆ ನೆಲವೂ ಕೈಕೊಡುತ್ತದೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಅದು ಸಕಲೇಶಪುರದ ಬಳಿ ಘಟ್ಟ ದಾಟಿ ಸುಮಾರು 162 ನಾಟಿಕಲ್ ಮೈಲಿ (300 ಕಿಲೋಮೀಟರ್) ಆಗುತ್ತದೆ. ನಮ್ಮ ಹುಡುಗರು ದೇವನಹಳ್ಳಿಗೆ ಎಳೆಯುತ್ತಾರೆ. ಅಲ್ಲಿ ವಿಮಾನಗಳು ಇಳಿಯತೊಡಗಿದ್ದು 2008ರ ಮೇ 24ರಿಂದ. 1975ರ ಆವ್ರೊ ಅಲ್ಲಿಗೆ ಹೋದರೆ ಇಳಿಯಬೇಕಾದದ್ದು ಹೊಲದಲ್ಲಿ. ಬಜ್ಪೆಯಲ್ಲೂ ಹಾಗೆಯೇ: ಈಗಿನ 2,450 ಮೀಟರ್ ರನ್‌ವೇ ಬಂದದ್ದು 2006ರಲ್ಲಿ, ಅದಕ್ಕೆ ಮೊದಲು ಇದ್ದದ್ದು ಸುಮಾರು 1,600 ಮೀಟರಿನದು. 1981ರ ಆಗಸ್ಟ್ 19ರಂದು ಆವ್ರೊ ಒಂದು ಅದರ ಅಂಚು ಮೀರಿ ಹೋಗಿತ್ತು. ಹೊಸ ರನ್‌ವೇ ಮೇಲೆ ಆರಾಮಾಗಿ ಇಳಿಸಿ "ಸುಲಭ ಇತ್ತು ಸರ್" ಎನ್ನುವವರಿಗೆ ನಾನು ಉತ್ತರಿಸುವುದಿಲ್ಲ. ಶಿವಮೊಗ್ಗದ ಹಳೆಯ ಮಾರ್ಗ ಕೇಳುವವರಿಗೆ ಉತ್ತರ ಚಿಕ್ಕದು: 2023ರ ಆಗಸ್ಟ್ 31ಕ್ಕೆ ಮೊದಲು ನಮಗೆ ನಿಗದಿತ ವಿಮಾನವೇ ಇರಲಿಲ್ಲ.

ಎಲ್ಲರೂ ಹೀಗಲ್ಲ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಟಿಕೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದ. ಮಂಗಳೂರಿನಿಂದ ಬೆಂಗಳೂರಿಗೆ, ಹಿಂಬದಿಯ ಕೆಂಪು ಕಾರ್ಬನ್ ನನ್ನ ಬೆರಳಿಗೂ ಹತ್ತಿತು. ಪ್ರಯಾಣದ ಅಂಕಣದಲ್ಲಿ ನವೆಂಬರ್ 12 ಎಂದಷ್ಟೇ ಇತ್ತು. ಆ ಟಿಕೆಟ್ಟುಗಳಲ್ಲಿ ಅಲ್ಲಿ ವರ್ಷ ಬರೆಯುತ್ತಿರಲಿಲ್ಲ, ವರ್ಷ ಇರುವುದು ಟಿಕೆಟ್ ಕೊಟ್ಟವರ ಮೊಹರಿನಲ್ಲಿ. ಮೊಹರಿನಲ್ಲಿ 197 ಕಾಣುತ್ತಿತ್ತು, ಕೊನೆಯ ಅಂಕಿ ಗೆದ್ದಲ ಪಾಲಾಗಿತ್ತು. ಅಜ್ಜನಿಗೆ ಫೋನ್ ಮಾಡಿಸಿದೆ. "ಭಾನುವಾರ ಮಗಳ ಮನೇಲಿದ್ದು ಮರುದಿನ ಹತ್ತಿದ್ದು. ಇಸವಿ ಗಿಸವಿ ಯಾರು ನೆನಪಿಟ್ಕೊಳ್ತಾರೆ ಮಾರಾಯ್ರೆ" ಎಂದರು. ಕಿಟಕಿಯ ಕೆಳಗೆ ರೆಕ್ಕೆ ಇತ್ತಂತೆ, ತಮ್ಮ ಬದಿಗೆ ಒಂದೇ ಪಂಖವಿತ್ತಂತೆ. ಫೋಕರಿನ ರೆಕ್ಕೆ ಕಿಟಕಿಯ ಮೇಲಿರುತ್ತದೆ, ಆ ಕಾಲದ ಇನ್ನೊಂದು ವಿಮಾನ ವೈಕೌಂಟಿಗೆ ಒಂದೊಂದು ಬದಿಗೆ ಎರಡು ಪಂಖ. ಅಜ್ಜನ ನೆನಪು ಸರಿಯಿದ್ದರೆ ಅದು ಆವ್ರೊ.

ನವೆಂಬರ್ 12 ಸೋಮವಾರ ಬಂದದ್ದು ಆ ದಶಕದಲ್ಲಿ ಎರಡೇ ಬಾರಿ, 1973 ಮತ್ತು 1979ರಲ್ಲಿ. 1973 ಆದರೆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಹನ್ನೊಂದು ದಿನವಷ್ಟೇ ಆಗಿತ್ತು. ಅದನ್ನೂ ಕೇಳಿಸಿದೆ, ಅಜ್ಜನಿಗೆ ನೆನಪಿರಲಿಲ್ಲ. ಆದರೆ ಅಡಿಕೆಯ ಲೆಕ್ಕದ ಪುಸ್ತಕಗಳು ಅಟ್ಟದಲ್ಲಿವೆಯಂತೆ, ಪ್ರತಿಯೊಂದರ ಮೇಲೆ ಸಂವತ್ಸರದ ಹೆಸರಿದೆಯಂತೆ, ಪ್ರಯಾಣದ ಖರ್ಚನ್ನೂ ಅದರಲ್ಲೇ ಬರೆಯುತ್ತಿದ್ದರಂತೆ. ಪ್ರಮಾದೀಚದ ಪುಸ್ತಕದಲ್ಲಿ ಆ ಖರ್ಚು ಸಿಕ್ಕರೆ 1973, ಸಿದ್ಧಾರ್ಥಿಯದರಲ್ಲಿ ಸಿಕ್ಕರೆ 1979. ಹುಡುಗ ಟಿಕೆಟ್ಟನ್ನು ನನ್ನ ಬಳಿ ಬಿಟ್ಟು, ಏಣಿ ಹತ್ತಲು ಊರಿಗೆ ಹೋಗಿದ್ದಾನೆ.